ಲೇಡಿ ಬ್ಯಾಚುಲರ್

ಶಿರ್ವದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್, ಬ್ಯಾಚುಲರ್ ಎಂದರೆ ಮದುವೆಯಾಗದ ಗಂಡಸು ಎಂದು ಬರೆಸಿದ್ದರು. ಮುಂದೆ ನನ್ನ ಗೆಳತಿಯೊಬ್ಬಳು ಬ್ಯಾಚುಲರ್ ಆಫ್ ಕಾಮರ್ಸ್ ಆದಳು. ಆಗ ಅವಳಿಗೆ ಮದುವೆಯಾಗಿ ಬಸುರಿನ ಏಳನೇ ತಿಂಗಳು ನಡೆಯುತ್ತಿತ್ತು. ಇಂಗ್ಲಿಷ್ ಭಾಷೆಗೆ ನಾಚಿಕೆಯಿಲ್ಲ ಎಂದು ನಾವೆಲ್ಲ ನಕ್ಕಿದ್ದೆವು.

ದುಬೈಗೆ ಬಂದ ಮೇಲೆ ಸಿಸ್ಟರ್ ಬರೆಸಿದ್ದನ್ನು ಪೂರ್ತಿ ಮರೆಯಬೇಕಾಯಿತು. ಇಲ್ಲಿ ಹೆಂಡತಿ, ಮೂರು ಮಕ್ಕಳು, ಊರಿನಲ್ಲಿ ಟೆರೇಸು ಮನೆ ಎಲ್ಲ ಇರುವ ಗಂಡಸೂ ಬ್ಯಾಚುಲರ್. ಹೆಂಡತಿ ವಿಮಾನದಿಂದ ಇಳಿದರೆ ಅವನು ಫ್ಯಾಮಿಲಿ, ಅವಳು ಹೆರಿಗೆಗೆ ಊರಿಗೆ ಹೋದರೆ ಪುನಃ ಬ್ಯಾಚುಲರ್. ಕುತ್ತಿಗೆಗೆ ಟೈ ಇದ್ದರೆ ಎಕ್ಸಿಕ್ಯೂಟಿವ್ ಬ್ಯಾಚುಲರ್. ಅವನ ಮಂಚಕ್ಕೆ ಬಾಡಿಗೆ ಹೆಚ್ಚು, ತಿಗಣೆ ಮಾತ್ರ ಎಲ್ಲರಿಗೂ ಒಂದೇ ಜಾತಿಯದು. ಹೋಟೆಲಿನಲ್ಲಿ ಪರದೆಯ ಒಳಗೆ ಫ್ಯಾಮಿಲಿ, ಹೊರಗೆ ಬ್ಯಾಚುಲರ್. ನಮ್ಮ ಸಂಘದ ಕ್ರಿಸ್ಮಸ್ ಊಟದ ಕೂಪನ್ನುಗಳಿಗೂ ಎರಡು ಬಣ್ಣ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ 'ಬ್ಯಾಚುಲರ್ಸ್ ಬೇಡ' ಎಂದಿದ್ದರೆ ಅದರ ಅರ್ಥ ಬೇರೆಯೇ. ಕುಡಿಯುವವರು, ಒಳ ಅಂಗಿ ಬಾಲ್ಕನಿಯಲ್ಲಿ ಒಣಗಿಸುವವರು, ನಮ್ಮ ಹೆಂಡತಿಯರನ್ನು ನೋಡುವವರು ಬೇಡ ಎಂದು.

ನಾನು ಲೇಡಿ ಬ್ಯಾಚುಲರ್. ಈ ಬಿರುದನ್ನು ಕೊಟ್ಟದ್ದು ದುಬೈಯ ಸತ್ವಾದಲ್ಲಿರುವ ನನ್ನ ರೂಮಿನ ಬಾಡಿಗೆ ಚೀಟಿ. ಆ ಹಳೆಯ ವಿಲ್ಲಾದ ಹಿಂಬದಿಯ ಕೋಣೆಯಲ್ಲಿ ನಾವು ನಾಲ್ವರು ಹೆಂಗಸರು, ನಾಲ್ಕು ಮಂಚ, ನಾಲ್ಕು ಬೀಗದ ಕಪಾಟು. ನಾನು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಐವತ್ತು ದಾಟಿದೆ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರಿಗೆ ಹೇಳುವಂಥ ದೊಡ್ಡ ಕಾರಣವೂ ಇಲ್ಲ. ಗಂಡಸು ಬ್ಯಾಚುಲರ್ ಎಂದರೆ ಪಾಪ, ಊಟಕ್ಕೇನು ಮಾಡುತ್ತಾನೋ ಎನ್ನುತ್ತಾರೆ. ಹೆಂಗಸು ಬ್ಯಾಚುಲರ್ ಎಂದರೆ ಯಾರನ್ನು ಹುಡುಕುತ್ತಿದ್ದಾಳೋ ಎನ್ನುತ್ತಾರೆ. ಎದುರು ಹೇಳುವುದಿಲ್ಲ, ನಾನು ಕೋಣೆಗೆ ಕಾಲಿಟ್ಟ ಕೂಡಲೇ ಹೆಂಗಸರು ಗಂಡನ ಪಕ್ಕಕ್ಕೆ ಸರಿದು ಕೂರುತ್ತಾರೆ. ಈ ಸರಿದು ಕೂರುವವರನ್ನು ನೋಡಿ ನೋಡಿ ನನ್ನ ನಾಲಗೆ ಸ್ವಲ್ಪ ಖಾರವಾಗಿರುವುದು ಹೌದು.

ನನ್ನ ತಂಗಿ ಉರ್ಸುಲಾ ಅಬುಧಾಬಿಯಲ್ಲಿ ನರ್ಸ್. ಗಂಡ ಲಿಯೊನೆಲ್ ಕೇಟರಿಂಗ್ ಕಂಪನಿಯೊಂದರ ಸ್ಟೋರಿನಲ್ಲಿ. ಒಬ್ಬಳೇ ಮಗಳು ಅಲಿಶಾ, ಈಗ ಹನ್ನೆರಡನೇ ಕ್ಲಾಸು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅವರದ್ದೊಂದು ಫ್ಲ್ಯಾಟು, ಅಲಿಶಾಳ ಸ್ಕೂಲಿಗೆ ಹತ್ತಿರ. ನಮ್ಮ ಊರ ಕಡೆಯ ಯುಜಿನ್ ಎಂಬವನಿಗೆ ಕೆಲಸ ಹೋಗಿ, ಹೆಂಡತಿ ಕ್ರಿಸ್ಟಿನಾ ಮತ್ತು ಮಗ ಶಾನ್ ಜೊತೆ ದಾರಿಗೆ ಬೀಳುವ ಹೊತ್ತಿಗೆ ಉರ್ಸುಲಾ ಅವರನ್ನು ಕರೆದು ಒಂದು ಕೋಣೆ ಬಿಟ್ಟುಕೊಟ್ಟಳು. ಡೇರೆಯೊಳಗೆ ಒಂಟೆಗೆ ಮೂತಿ ಇಡಲು ಜಾಗ ಕೊಟ್ಟ ಕತೆ ನಮಗೆ ಮೂರನೇ ಕ್ಲಾಸಿನಲ್ಲೇ ಇತ್ತು. ಮರಳುಗಾಡಿಗೆ ಬಂದವರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ನ್ಯಾಯವಾಗಿ ಹೇಳುವುದಾದರೆ ಉರ್ಸುಲಾ ಇದ್ದಷ್ಟು ವರ್ಷ ಎರಡು ಸಂಸಾರಗಳೂ ಚೆನ್ನಾಗಿಯೇ ಇದ್ದವು. ಅವಳಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಕ್ರಿಸ್ಟಿನಾ ಗಂಜಿ ಕಾಯಿಸಿ ಆಸ್ಪತ್ರೆಗೆ ಹೊತ್ತಳು. ಫೆಬ್ರವರಿಯಲ್ಲಿ ತಂಗಿ ಹೋದಳು. ಶವವನ್ನು ಊರಿಗೆ ಒಯ್ದು ಮುದರಂಗಡಿಯ ಇಗರ್ಜಿಯಲ್ಲಿ ಮಣ್ಣು ಮಾಡಿ ಬಂದೆವು. ಫ್ಲ್ಯಾಟಿನ ಕರಾರು ಅವಳ ಹೆಸರಿನಲ್ಲಿತ್ತು. 'ಈ ದುಃಖದಲ್ಲಿ ನೀನು ಆಫೀಸು ಅಲೆಯುವುದು ಬೇಡ' ಎಂದು ಯುಜಿನ್ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡ. ನಮ್ಮವರೇ ಅಲ್ಲವಾ ಎಂದು ಲಿಯೊನೆಲ್ ತಲೆಯಾಡಿಸಿದ. ನಮ್ಮವರೇ ಅಲ್ಲವಾ ಎಂಬ ಮಾತಿನಿಂದ ನಮ್ಮ ಜನ ಕಳೆದುಕೊಂಡಷ್ಟನ್ನು ಯಾವ ಕಳ್ಳನೂ ಕದ್ದಿಲ್ಲ.

ತಿಂಗಳ ಪೂಜೆ ಮುಗಿದು, ಊರಿನಿಂದ ತಂದ ಹಪ್ಪಳ ಮುಗಿಯುವ ಮೊದಲು, ಯುಜಿನ್ ನನಗೆ ಫೋನು ಮಾಡಿದ. ಒಂದೇ ಮನೆಯಲ್ಲಿರುವ ಲಿಯೊನೆಲ್‌ಗೆ ಹೇಳಬೇಕಾದ ಮಾತನ್ನು ದುಬೈಯಲ್ಲಿರುವ ನನಗೆ ಹೇಳಿದ.

"ನೀವು ಬೇಜಾರು ಮಾಡ್ಬಾರ್ದು ಮಾರ್ಟಿನಾ ಬಾಯಿ. ಲಿಯೊನೆಲ್ ಅಂದ್ರೆ ನನಗೆ ಅಣ್ಣನ ಹಾಗೆ. ಆದ್ರೆ ಇದು ಫ್ಯಾಮಿಲಿ ಬಿಲ್ಡಿಂಗ್ ಅಲ್ವಾ. ನಾತೂರ್ ಕೇಳ್ತಾ ಇದ್ದಾನೆ, ಮೇಡಂ ಹೋದ್ರು, ಇನ್ನು ಈ ಮನುಷ್ಯ ಬ್ಯಾಚುಲರ್ ಅಲ್ವಾ ಅಂತ. ನಾಳೆ ಯಾರಾದ್ರೂ ಚೆಕ್ಕಿಂಗ್‌ಗೆ ಬಂದ್ರೆ ಎಂತ ಹೇಳುದು?"

"ಮಗಳು ಉಂಟಲ್ಲ ಯುಜಿನ್. ಹದಿನೇಳು ವರ್ಷದ ಮಗಳಿರುವವ ಹೇಗೆ ಬ್ಯಾಚುಲರ್ ಆಗ್ತಾನೆ?"

"ನೀವು ಹೇಳುದು ಸರಿಯೇ. ಆದ್ರೆ ಕ್ರಿಸ್ಟಿನಾ ಹಗಲು ಮನೆಯಲ್ಲಿ ಒಬ್ಳೇ. ಅವನಿಗೆ ಕೆಲವು ದಿನ ಮಧ್ಯಾಹ್ನದ ಮೇಲೆ ಡ್ಯೂಟಿ. ನನಗೇನಿಲ್ಲ, ಜನ ಒಂದು ಮಾತು ಆಡಿದ್ರೆ ಅವನಿಗೇ ಕಷ್ಟ. ಅಲಿಶಾ ಇಲ್ಲೇ ಇರ್ಲಿ. ಅವಳು ನಮ್ಮ ಮಗಳ ಹಾಗೆ. ಅವನೊಬ್ಬ ಎಲ್ಲಾದ್ರೂ ಬೆಡ್ ಸ್ಪೇಸ್ ನೋಡಿಕೊಂಡ್ರೆ ಆಯ್ತು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂಬತ್ತು ವರ್ಷ ಒಂದೇ ಗ್ಯಾಸಿನ ಮೇಲೆ ಅನ್ನ ಬೇಯಿಸಿದವಳಿಗೆ, ಗೆಳತಿ ಮಣ್ಣಿಗೆ ಹೋದ ತಿಂಗಳಲ್ಲೇ ಅವಳ ಗಂಡ ಪರಗಂಡಸಾಗಿ ಕಂಡ. ಮುಂದಿನ ಸಲ ಹೋದಾಗ ಕಟ್ಟಡ ಕಾಯುವ ನಾತೂರ್ ಕಾಸಿಂನನ್ನು ನಾನೇ ನಿಲ್ಲಿಸಿ ಕೇಳಿದೆ. "ನಾನೇನೂ ಕೇಳಿಲ್ಲ ದೀದಿ. ಆ ಮೇಡಂ ನನ್ನ ಹೆಂಡತಿಗೆ ಮದ್ದು ಕೊಟ್ಟವರು" ಎಂದು ಹಿಂದಿಯಲ್ಲಿ ಹೇಳಿದ. ಈ ಮಾತನ್ನು ಲಿಯೊನೆಲ್‌ಗೆ ತಿಳಿಸಿದರೆ ಅವನು ಜಗಳ ಆಡಲಿಲ್ಲ. ಜಗಳ ಆಡಿದರೆ ಅಲಿಶಾಳನ್ನೂ ಹೊರಗೆ ಹಾಕಿಯಾರು ಎಂಬ ಹೆದರಿಕೆ.

ಅವನು ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಮಗಳ ಜೊತೆ ಇರಲು ಒಂದು ಕೋಣೆ ಸಿಗುತ್ತದೆಯೇ ಎಂದು ಎಲ್ಲ ಕಡೆ ಕೇಳಿದ. ಒಬ್ಬನ ಸಂಬಳದಲ್ಲಿ ಬೇರೆ ಫ್ಲ್ಯಾಟು ಆಗುವ ಮಾತಲ್ಲ. ಶೇರಿಂಗ್ ಕೊಡುವವರಿಗೆ ಗಂಡ ಹೆಂಡತಿಯೇ ಬೇಕು. ಬೆಳೆದ ಮಗಳನ್ನು ಕಟ್ಟಿಕೊಂಡ ಒಂಟಿ ಗಂಡಸನ್ನು ಫ್ಯಾಮಿಲಿ ಎನ್ನಬೇಕೋ ಬ್ಯಾಚುಲರ್ ಎನ್ನಬೇಕೋ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನು ಮನೆಯೊಳಗೆ ಯಾರು ಸೇರಿಸುತ್ತಾರೆ? ನನ್ನ ಮಂಚದಲ್ಲಿ ಅಲಿಶಾಳಿಗೆ ಅರ್ಧ ಕೊಡಬಹುದಿತ್ತು, ಆದರೆ ಸ್ಕೂಲು ಅಬುಧಾಬಿಯಲ್ಲಿ, ಬರುವ ವರ್ಷ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಕೊನೆಗೆ ಲಿಯೊನೆಲ್ ಬನಿಯಾಸ್‌ನಲ್ಲಿ ಆರು ಜನರ ಕೋಣೆಗೆ ತನ್ನ ಪೆಟ್ಟಿಗೆ ಸಾಗಿಸಿದ. ಅಪ್ಪ ಹೊರಡುವಾಗ ಅಲಿಶಾ "ಇಟ್ಸ್ ಓಕೆ ಡ್ಯಾಡಿ" ಎಂದಳಂತೆ. ಆ ಹುಡುಗಿ ಅಮ್ಮನ ಶವಪೆಟ್ಟಿಗೆಗೆ ಮೊಳೆ ಹೊಡೆಯುವಾಗಲೂ ಇಟ್ಸ್ ಓಕೆ ಎಂದೇ ಹೇಳಿದ್ದು.

ಬನಿಯಾಸ್‌ಗೆ ನಾನೊಮ್ಮೆ ಹೋದೆ. ಗಂಡಸರ ರೂಮು, ಒಳಗೆ ಹೋಗುವ ಹಾಗಿಲ್ಲ. ಕೆಳಗೆ ಗ್ರೋಸರಿ ಅಂಗಡಿಯ ಬಾಗಿಲಲ್ಲಿ ನಿಂತೆ. ಲಿಯೊನೆಲ್ ಇಳಿದು ಬಂದ. ಅಂಗಿಗೆ ಇಸ್ತ್ರಿಯಿಲ್ಲ, ಕಾಲರಿನ ಕೊಳೆ ನನಗೆ ಮೊದಲು ಕಂಡಿತು. ಲಾಂಡ್ರಿಯವಳ ಕಣ್ಣು ಬೇರೆಲ್ಲಿಗೆ ಹೋದೀತು. ಶನಿವಾರ ಮಗಳನ್ನು ನೋಡಲು ಹೋಗುತ್ತೇನೆ ಎಂದ. ಹೋಗುವ ಮೊದಲು ಫೋನು ಮಾಡಬೇಕಂತೆ. ಹಾಲ್‌ನಲ್ಲಿ ಸೋಫಾದ ಮೇಲೆ ಕೂರುತ್ತಾನೆ, ಕ್ರಿಸ್ಟಿನಾ ಟ್ರೇಯಲ್ಲಿ ನೀರು ತರುತ್ತಾಳೆ, ಮಗಳು ಎದುರಿನ ಕುರ್ಚಿಯಲ್ಲಿ ಕೂತು ಸ್ಕೂಲಿನ ಸುದ್ದಿ ಹೇಳುತ್ತಾಳೆ. ಆ ಸೋಫಾವನ್ನು ತಂಗಿಯ ಜೊತೆ ಹೋಗಿ ಕೊಂಡದ್ದು ಅವನೇ.

ಆಗಸ್ಟಿನಲ್ಲಿ ಒಂದು ಭಾನುವಾರ ಅವನು ಬಸ್ಸು ಹಿಡಿದು ಸತ್ವಾಕ್ಕೆ ಬಂದ. ಇದು ಹೆಂಗಸರ ರೂಮು, ಈ ಸಲ ಅವನನ್ನು ನಾನು ಒಳಗೆ ಕರೆಯುವ ಹಾಗಿಲ್ಲ. ರಸ್ತೆಯಾಚೆಗಿನ ಕೆಫೆಟೇರಿಯಾದಲ್ಲಿ ಎರಡು ಕಡಕ್ ಚಹಾ ಹೇಳಿ ಕೂತೆವು. ಅವನು ಪೇಪರ್ ಕಪ್ಪಿನ ಅಂಚನ್ನು ಉಗುರಿನಿಂದ ಕೀಳುತ್ತಲೇ ಇದ್ದ.

"ಬಾಯಿ, ಒಂದು ಕೇಳ್ತೇನೆ. ಬೈಬಾರ್ದು."

"ಬೈಯುದು ಕೇಳಿದ ಮೇಲೆ. ಮೊದ್ಲು ಹೇಳು."

"ನಾವು ಮದುವೆ ಆದ್ರೆ ಹೇಗೆ?"

ಯಾರು ಯಾರನ್ನು ಎಂದು ಕೇಳುವಷ್ಟು ಹೊತ್ತು ನನಗೆ ಅರ್ಥವೇ ಆಗಲಿಲ್ಲ. ಅವನು ತಲೆ ತಗ್ಗಿಸಿಯೇ ಮಾತು ಮುಂದುವರಿಸಿದ.

"ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಆಲೋಚನೆ ಮಾಡಿದ್ದು. ಆಗ ನಾವು ಫ್ಯಾಮಿಲಿ ಆಗ್ತೇವೆ. ಯುಜಿನ್‌ಗೆ ಮಾತಾಡ್ಲಿಕ್ಕೆ ಇರುದಿಲ್ಲ. ಕೋಣೆ ಇನ್ನೂ ಹಾಗೆಯೇ ಉಂಟು, ಅಲಿಶಾ ಒಬ್ಳೇ ಮಲಗುದು. ಪರೀಕ್ಷೆಯ ಹೊತ್ತಿಗೆ ನಾನು ಅವಳ ಹತ್ರ ಇದ್ದ ಹಾಗಾಗ್ತದೆ. ನಿಮಗೆ ನನ್ನಿಂದ ಎಂತ ತೊಂದರೆಯೂ ಇರುದಿಲ್ಲ."

"ಉರ್ಸುಲಾ ಹೋಗಿ ವರ್ಷ ಆಗ್ಲಿಲ್ಲ ಲಿಯೊನೆಲ್."

"ಅವಳಿದ್ರೆ ಅವಳೂ ಇದನ್ನೇ ಹೇಳ್ತಿದ್ಲು."

ಸತ್ತವರ ಬಾಯಿಗೆ ಮಾತು ತುರುಕುವುದು ಸುಲಭ. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ತೆರೆಯಬೇಕಾದರೆ ಬೀಗದವನ ಹತ್ತಿರ ಹೋಗು, ನಾನು ಕೀಲಿಕೈ ಅಲ್ಲ ಎಂದೆ. ಇನ್ನೂ ಕೆಲವು ಮಾತು ಹೇಳಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಚಹಾ ಕುಡಿಯದೆ, ಬಿಸಿಲಿನಲ್ಲಿ ಬಸ್ ಸ್ಟಾಪಿನ ಕಡೆ ನಡೆದ. ಆ ಬಿಸಿಲಿನಲ್ಲಿ ನಾಯಿಯೂ ಹೊರಗಿರಲಿಲ್ಲ.

ಆ ವಾರವಿಡೀ ಅವನ ಕಾಲರ್ ನನ್ನ ಕಣ್ಣೆದುರು ಬಂತು. ಟ್ರೇಯಲ್ಲಿ ನೀರು ಕುಡಿಯುವ ಅಪ್ಪ, ಎದುರಿನ ಕುರ್ಚಿಯ ಮಗಳು ಬಂದರು. ನನಗೆ ಹೋಗುವುದಾದರೂ ಏನು? ಒಂದು ಮಂಚ, ಒಂದು ಕಪಾಟು. ನಮ್ಮ ಹೋಟೆಲಿನದೇ ಇನ್ನೊಂದು ಶಾಖೆ ಅಬುಧಾಬಿಯಲ್ಲಿದೆ. ಮ್ಯಾನೇಜರ್ ಶ್ರೀನಿಧಿಯವರ ಹತ್ತಿರ ಟ್ರಾನ್ಸ್‌ಫರ್ ಸಿಗಬಹುದೇ ಎಂದು ಕೇಳಿದೆ. ಇಷ್ಟು ವರ್ಷ ಏನೂ ಕೇಳದವರು ಕೇಳುತ್ತಿದ್ದೀರಿ, ನೋಡೋಣ ಎಂದರು. ಶನಿವಾರ ಲಿಯೊನೆಲ್‌ಗೆ ಫೋನು ಮಾಡಿ "ಆಯ್ತು" ಎಂದೆ. ಅವನು "ಥ್ಯಾಂಕ್ಯೂ ಬಾಯಿ" ಎಂದ. ಮದುವೆಗೆ ಒಪ್ಪಿದ ಹೆಂಗಸಿಗೆ ಹೀಗೆ ಹೇಳಿದ ಗಂಡಸು ಲೋಕದಲ್ಲಿ ಇವನೊಬ್ಬನೇ ಇರಬೇಕು.

ಆದರೂ ನನಗೆ ಸಂತೋಷವಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅಲಿಶಾಳಿಗಾಗಿ ಒಪ್ಪಿದ್ದು ನಿಜ. ಆದರೆ ಸಂತೋಷ ಬಂದದ್ದು ನನಗೆ, ಅದು ಬರೀ ಅಲಿಶಾಳ ಲೆಕ್ಕದ್ದಲ್ಲ. ಸಂಜೆ ಕೆಲಸದಿಂದ ಬಂದಾಗ ಬಂದೆಯಾ ಎಂದು ಕೇಳುವ ಗಂಟಲು ಒಂದಿದ್ದರೆ ಹೇಗಿರುತ್ತದೆ ಎಂದು ಆಲೋಚಿಸಿದೆ. ನನ್ನಲ್ಲಿದ್ದ ಒಂದೇ ಒಂದು ಮೈಸೂರು ಸಿಲ್ಕ್ ಸೀರೆಯ ರವಿಕೆಯನ್ನು ಸಡಿಲ ಮಾಡಿಸಲು ಪಕ್ಕದ ಬೀದಿಯ ಟೈಲರ್ ಮಸೂದ್‌ಗೆ ಕೊಟ್ಟೆ. ಮನೆಯಲ್ಲಿ ಮದುವೆಯಾ ಬಾಜಿ ಎಂದು ಉರ್ದುವಿನಲ್ಲಿ ಕೇಳಿದ. ಹೌದು, ತಂಗಿಯ ಕಡೆಯಲ್ಲಿ ಎಂದೆ.

ಯುಜಿನ್‌ಗೂ ಅಲಿಶಾಳಿಗೂ ನಾನೇ ಹೇಳುತ್ತೇನೆ, ನೀವು ಸದ್ಯಕ್ಕೆ ಮಾತೆತ್ತಬೇಡಿ ಎಂದಿದ್ದ ಲಿಯೊನೆಲ್. ನಾನು ಬಾಯಿಗೆ ಬೀಗ ಹಾಕಿಕೊಂಡೆ. ದಿನಗಳು ಹೋದವು, ಅವನಿಂದ ಸುದ್ದಿಯಿಲ್ಲ. ಸೆಪ್ಟೆಂಬರಿನ ಮೊದಲ ವಾರ ಕ್ರಿಸ್ಟಿನಾಳೇ ಫೋನು ಮಾಡಿದಳು. ಭಾನುವಾರ ಮೊಂತಿ ಫೆಸ್ತ್, ನೀವು ಲಿಯೊನೆಲ್ ಇಬ್ಬರೂ ಊಟಕ್ಕೆ ಬನ್ನಿ ಎಂದಳು.

"ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

"ಒಂದೂವರೆಗೆ ಬನ್ನಿ ಬಾಯಿ. ಅದಕ್ಕಿಂತ ಮೊದ್ಲು ಸುಮ್ನೆ ಯಾಕೆ ಗಡಿಬಿಡಿ."

ನಮ್ಮವರಲ್ಲದವರಿಗೆ ಈ ಒಂದೂವರೆಯಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಮೊಂತಿ ಫೆಸ್ತ್ ಎಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ತೆನೆಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಪ್ರಾರ್ಥನೆ ಹೇಳಿ, ಕಾಳು ಸುಲಿದು ಅರೆದು, ತೆಂಗಿನಕಾಯಿ ಹಾಲಿನಲ್ಲಿ ಕಲಸಿ ಮನೆಯ ಹಿರಿಯ ಒಬ್ಬೊಬ್ಬರಿಗೇ ಕೊಡುತ್ತಾನೆ. ಅದು ಮನೆಯವರಿಗೆ ಮಾತ್ರ. ಬೊಂಬಾಯಿಯಲ್ಲಿರುವ ಮಗನಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಾರೆ, ಪಕ್ಕದ ಮನೆಯವನಿಗೆ ಕೊಡುವುದಿಲ್ಲ. ಪಕ್ಕದವನನ್ನು ಕರೆಯಲೇಬೇಕಾದರೆ ಹೊಸಕ್ಕಿ ಮುಗಿದ ಮೇಲೆ, ಬರೀ ಊಟಕ್ಕೆ. ಉರ್ಸುಲಾ ಇದ್ದಾಗ ಎರಡೂ ಸಂಸಾರ ಒಟ್ಟಿಗೆ ನಿಂತು ಲಿಯೊನೆಲ್‌ನ ಕೈಯಿಂದಲೇ ಹೊಸಕ್ಕಿ ತಿನ್ನುತ್ತಿದ್ದವು, ಅವನೇ ಹಿರಿಯ ಎಂದು. ಈಗ ಒಂದೂವರೆಗೆ ಬನ್ನಿ ಎಂದರೆ ಅರ್ಥ ಸ್ಪಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಊಟಕ್ಕೆ ಕರೆದವಳನ್ನು ಏನು ಮಾಡುವುದು?

ಭಾನುವಾರ ಆ ಸಿಲ್ಕಿನ ಸೀರೆ ಉಟ್ಟು ಮುಸಫ್ಫಾದ ಇಗರ್ಜಿಗೆ ಹೋದೆ. ಲಿಯೊನೆಲ್ ಅಲ್ಲಿದ್ದ. ಪೂಜೆ ಮುಗಿದು, ಊರಿನಿಂದ ವಿಮಾನದಲ್ಲಿ ಬಂದ ತೆನೆಗಳನ್ನು ಹಂಚುತ್ತಿದ್ದರು. ಹಂಚುವ ಹುಡುಗ ಅವನ ಹಿಂದೆ ಮುಂದೆ ನೋಡಿ, "ಬ್ಯಾಚುಲರಾ ಅಂಕಲ್?" ಎಂದು ಕೇಳಿ ಒಂದು ತೆನೆ ಕೊಟ್ಟ. ಫ್ಯಾಮಿಲಿಗೆ ಒಂದು ಹಿಡಿ. ನಾನು ಪಕ್ಕದಲ್ಲೇ ನಿಂತಿದ್ದೆ. ಲಿಯೊನೆಲ್ ಆ ಒಂದು ತೆನೆಯನ್ನು ಜೇಬಿಗೆ ಸಿಕ್ಕಿಸಿಕೊಂಡ.

"ಯುಜಿನ್‌ಗೆ ಹೇಳಿದೆಯಾ?" ಎಂದೆ.

"ಹೇಳಿದ್ದೇನೆ" ಎಂದ.

"ಎಂತ ಹೇಳಿದ?"

"ನೋಡ್ವ ಅಂದ."

"ಹಾಗಾದ್ರೆ ಒಂದೂವರೆ ಬೇಡ. ಈಗ್ಲೇ ಹೋಗುವ. ನೀನು ಆ ಮನೆಯ ಹಿರಿಯ."

ಅವನು ಬೇಡ ಬೇಡ ಎಂದ. ನಾನು ಟ್ಯಾಕ್ಸಿಗೆ ಕೈ ಅಡ್ಡ ಹಿಡಿದಾಗಿತ್ತು.

ಬಾಗಿಲು ತೆರೆದವಳು ಕ್ರಿಸ್ಟಿನಾ. ಅವಳ ನಗು ಅರ್ಧಕ್ಕೆ ನಿಂತು ಮತ್ತೆ ಮುಂದುವರಿಯಿತು. ಹಾಲ್‌ನಲ್ಲಿ ಮರಿಯಮ್ಮನ ಮೂರ್ತಿಗೆ ಹೂ ಹಾಕಿ ಮೇಣದ ಬತ್ತಿ ಹಚ್ಚಿದ್ದರು. ಯುಜಿನ್ ಸ್ಟೀಲಿನ ಬೋಗುಣಿ ಹಿಡಿದು ನಿಂತಿದ್ದ. ಮಗ ಶಾನ್, ಕ್ರಿಸ್ಟಿನಾಳ ತಮ್ಮ ಸೆಡ್ರಿಕ್, ಅವನ ಹೊಸ ಹೆಂಡತಿ, ಕೊನೆಯಲ್ಲಿ ನಮ್ಮ ಅಲಿಶಾ. ಅಲಿಶಾ ಆಗಷ್ಟೇ ಅಂಗೈ ನೀಡಿ ಯುಜಿನ್‌ನ ಕೈಯಿಂದ ಹೊಸಕ್ಕಿ ತೆಗೆದುಕೊಂಡು ಬಾಯಿಗೆ ಹಾಕಿದ್ದಳು. ಅಪ್ಪನನ್ನು ಕಂಡು ಬಾಯಿ ಒರೆಸಿಕೊಂಡಳು.

ಪರ್ಸು ಇಡುವ ನೆಪದಲ್ಲಿ ನಾನು ತಂಗಿಯ ಕೋಣೆಗೆ ಹೋದೆ. ಮಂಚದ ಮೇಲೆ ಹೊಸ ಚಾದರ, ಬಾಗಿಲ ಹಿಂದೆ ಗಂಡಸಿನ ಪ್ಯಾಂಟು, ವಿಮಾನದ ಚೀಟಿ ಇನ್ನೂ ತೆಗೆಯದ ಎರಡು ದೊಡ್ಡ ಸೂಟ್‌ಕೇಸು. ಅಲಿಶಾಳ ಒಂದು ಪುಸ್ತಕವೂ ಅಲ್ಲಿರಲಿಲ್ಲ. ಅಡುಗೆಮನೆಯ ಪಕ್ಕದ ಮೇಡ್ ರೂಮಿನ ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯಿಲ್ಲದ ಆ ಗೂಡಿನಲ್ಲಿ, ಅಕ್ಕಿ ಮೂಟೆಯ ಪಕ್ಕ ಹಾಸಿಗೆ, ಹಾಸಿಗೆಯ ಮೇಲೆ ಅವಳ ಫಿಸಿಕ್ಸ್ ಪುಸ್ತಕ. ನಮ್ಮ ಮಗಳ ಹಾಗೆ ಎಂದಿದ್ದ ಯುಜಿನ್. ಅವನ ಮಗ ಮಾತ್ರ ಕಿಟಕಿಯಿರುವ ಕೋಣೆಯಲ್ಲಿದ್ದ.

ಹೊರಗೆ ಬಂದವಳು ನೇರವಾಗಿ ಹೇಳಿಬಿಟ್ಟೆ.

"ಯುಜಿನ್, ಲಿಯೊನೆಲ್ ನಿನಗೆ ಹೇಳಿದ್ದಾನಂತೆ. ನಾವು ಮದುವೆ ಆಗ್ತೇವೆ. ಇನ್ನು ಅವ ಬ್ಯಾಚುಲರ್ ಅಲ್ಲ. ಆ ಕೋಣೆ ಅವನಿಗೂ ಅಲಿಶಾಳಿಗೂ ವಾಪಸ್ ಕೊಡು."

ಯಾರೂ ಆಶ್ಚರ್ಯಪಡಲಿಲ್ಲ. ಅದು ನನಗೆ ಮೊದಲು ವಿಚಿತ್ರವಾಗಿ ಕಂಡದ್ದು. ಕ್ರಿಸ್ಟಿನಾ ನನ್ನ ಸೀರೆಯನ್ನು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಒಂಥರಾ ಕನಿಕರವಿತ್ತು. ಸೆಡ್ರಿಕ್‌ನ ಹೆಂಡತಿ ಗಂಡನ ಪಕ್ಕಕ್ಕೆ ಸರಿದಳು. ಅಲಿಶಾ ನೆಲ ನೋಡುತ್ತಿದ್ದಳು.

ಯುಜಿನ್ ಬೋಗುಣಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇ‍ಳಿದ. "ಲಿಯೊನೆಲ್ ಹೇಳಿದ್ದಾನೆ ಬಾಯಿ. ಈಗ ಅದೆಲ್ಲ ಯಾಕೆ. ಕೋಣೆ ಸೆಡ್ರಿಕ್‌ಗೆ ಕೊಟ್ಟಾಯ್ತು, ಒಂದು ವರ್ಷಕ್ಕೆಂದು ಮಾತಾಗಿದೆ. ಅಲಿಶಾಳನ್ನು ಕೇಳಿಯೇ ಕೊಟ್ಟದ್ದು. ಫ್ಯಾಮಿಲಿಯವರು ಬಂದ ಮೇಲೆ ಎಬ್ಬಿಸ್ಲಿಕ್ಕೆ ಆಗ್ತದಾ?"

ನಾನು ಲಿಯೊನೆಲ್ ಕಡೆ ತಿರುಗಿದೆ. ಈಗಲಾದರೂ ಇವನ ಬಾಯಿಂದ ಒಂದು ಮಾತು ಬರಬೇಕಿತ್ತು. ನನ್ನ ಮಗಳು ಅಕ್ಕಿ ಮೂಟೆಯ ಪಕ್ಕ ಮಲಗುವುದಿಲ್ಲ ಎನ್ನಬಹುದಿತ್ತು. ಅವನು ಜೇಬಿನ ತೆನೆಯನ್ನು ಮುಟ್ಟಿ ನೋಡಿಕೊಂಡ.

"ಹಾಗಾದ್ರೆ ಇನ್ನು ಅದ್ರ ಅಗತ್ಯ ಇಲ್ಲ ಅಲ್ವಾ ಬಾಯಿ" ಎಂದ. ಹೇಳಿ ಮುಗಿಸಿದಾಗ ಅವನ ಭುಜ ಸಡಿಲವಾಯಿತು. ತಲೆಯ ಮೇಲಿನ ಹೊರೆ ಇಳಿಸಿದವನ ಮುಖ ನನಗೆ ಗೊತ್ತು, ಲಾಂಡ್ರಿಯಲ್ಲಿ ದಿನಾ ನೋಡುತ್ತೇನೆ. ಅವನಿಗೆ ಸಮಾಧಾನವಾಗಿತ್ತು.

ನನಗೆ ನಾಚಿಕೆಯಾಯಿತು. ಸಿಟ್ಟು ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು, ಸಿಟ್ಟು ನನಗೆ ಹಳೆಯ ಪರಿಚಯ. ರೇಷ್ಮೆ ಸೀರೆಯುಟ್ಟು ಅಷ್ಟು ಜನರ ನಡುವೆ ನಿಂತು ಮದುವೆಯ ಮಾತು ನಾನೇ ಎತ್ತಿದ್ದೆ, ಅದನ್ನು ನನ್ನ ಕೈಗೇ ವಾಪಸು ಕೊಟ್ಟಿದ್ದರು. ಹೊರಟು ಹೋಗೋಣವೆಂದರೆ ತೆನೆಹಬ್ಬದ ದಿನ ಹಾಕಿದ ಎಲೆಯನ್ನು ಬಿಟ್ಟು ಹೋಗಬಾರದು. ಕೂತೆ. ಬೆಂಡೆ, ಅಲಸಂಡೆ, ಕೆಸು, ಕಡಲೆ, ಒಂದಾದ ಮೇಲೊಂದು ಬಡಿಸಿದರು. ಎಲ್ಲರೂ ಪದ್ಧತಿಯಂತೆ ಮೀನು ಮಾಂಸವಿಲ್ಲದ ಊಟವನ್ನು ಹೊಗಳಿದರು. ಲಿಯೊನೆಲ್ ಎರಡು ಸಲ ಅನ್ನ ಹಾಕಿಸಿಕೊಂಡ. ಬನಿಯಾಸ್‌ನ ರೂಮಿನಲ್ಲಿ ಕೆಸುವಿನ ಪದಾರ್ಥ ಮಾಡುವವರು ಯಾರಿದ್ದಾರೆ ಪಾಪ ಎಂದಳು ಕ್ರಿಸ್ಟಿನಾ.

ಊಟ ಮುಗಿದ ಕೂಡಲೇ ನಾನು ಹೊರಟೆ. ಲಿಯೊನೆಲ್ ಇನ್ನೂ ಪಾಯಸ ಕುಡಿಯುತ್ತಿದ್ದ. ಅಲಿಶಾ ಚಪ್ಪಲಿ ಮೆಟ್ಟಿ ನನ್ನ ಜೊತೆ ಲಿಫ್ಟಿನಲ್ಲಿ ಇಳಿದಳು. ಕೆಳಗೆ ಕಟ್ಟಡದ ನೆರಳಿನಲ್ಲಿ ಟ್ಯಾಕ್ಸಿಗೆ ಕಾದು ನಿಂತೆವು. ತಂಗಿಯದೇ ಮೂಗು, ತಂಗಿಯದೇ ಹಣೆ. ಅವಳು ನನ್ನ ಕೈ ಹಿಡಿದುಕೊಂಡಳು. ತಾನಾಗಿ ಕೈ ಹಿಡಿಯುವ ಹುಡುಗಿಯಲ್ಲ ಅವಳು.

"ಮೌಶಿ, ಡೋಂಟ್ ಫೀಲ್ ಬ್ಯಾಡ್" ಎಂದಳು. ಮುಂದಿನದನ್ನೂ ಇಂಗ್ಲಿಷಿನಲ್ಲೇ, ಮೊದಲೇ ಜೋಡಿಸಿಕೊಂಡು ಬಂದವಳ ಹಾಗೆ ಹೇಳಿದಳು. "ಡ್ಯಾಡಿ ನನಗೆಲ್ಲ ಹೇಳಿದ್ದಾರೆ. ನೀವು ಅವರನ್ನು ಮದುವೆಯಾಗೋಣ ಅಂತ ಕೇಳಿದ್ದು. ನೀವು ಇಷ್ಟು ವರ್ಷ ಒಬ್ಬರೇ ಇದ್ದೀರಲ್ಲ, ನನಗೆ ಅರ್ಥ ಆಗ್ತದೆ. ನಿಮಗೆ ನೋವಾಗ್ತದೆ ಅಂತ ಡ್ಯಾಡಿಗೆ ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ. ಯುಜಿನ್ ಅಂಕಲ್ ಹತ್ರ ಹೇಳಿ ಅತ್ತರಂತೆ."

ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮನೆಯೊಳಗಿನ ಕನಿಕರ ಈಗ ನನಗೆ ಅರ್ಥವಾಯಿತು. ಅಷ್ಟೂ ಜನ ಈ ಮಾತನ್ನು ನಂಬಿದ್ದರು. ನಂಬಲು ಅವರಿಗೆ ಹೆಚ್ಚು ಹೊತ್ತೂ ಬೇಕಾಗಿರಲಿಕ್ಕಿಲ್ಲ. ಬ್ಯಾಚುಲರ್ ಹೆಂಗಸು, ವಯಸ್ಸಾಗುತ್ತಿದೆ, ತಂಗಿಯ ಗಂಡ ಖಾಲಿಯಾಗಿದ್ದಾನೆ. ಇದಕ್ಕೆ ಸಾಕ್ಷಿ ಯಾರು ಕೇಳುತ್ತಾರೆ? ಲಿಯೊನೆಲ್ ಸತ್ವಾದ ಕೆಫೆಟೇರಿಯಾದಲ್ಲಿ ತಲೆತಗ್ಗಿಸಿ ಕೇಳಿದವನು, ಇಲ್ಲಿ ಬಂದು ಯುಜಿನ್ ಮುಖ ನೋಡಿದಾಗ ಮರ್ಯಾದೆಗೆ ಅಂಜಿ ಮಾತನ್ನು ನನ್ನ ಕಡೆಗೆ ದೂಡಿದ್ದ.

"ಡ್ಯಾಡಿ ಎಂತ ಹೇಳಿದ್ರು ಗೊತ್ತುಂಟಾ ಮೌಶಿ?" ಅಲಿಶಾಳ ಕಣ್ಣು ತುಂಬಿತ್ತು. ಅಮ್ಮ ಸತ್ತಾಗಲೂ ನಾನು ಕಾಣದ ನೀರು ಅದು. "ಕೋಣೆ ಹೋದ್ರೂ ಅಡ್ಡಿಯಿಲ್ಲ, ಸಾಯುವವರೆಗೆ ಬೆಡ್ ಸ್ಪೇಸಿನಲ್ಲಿದ್ರೂ ಅಡ್ಡಿಯಿಲ್ಲ, ಮಮ್ಮಿಯ ಜಾಗದಲ್ಲಿ ಇನ್ನೊಬ್ಬರನ್ನು ತರುದಿಲ್ಲ ಅಂದ್ರು. ಅದಕ್ಕೇ ನಾನು ಅಂಕಲ್‌ಗೆ ಆ ರೂಮು ಕೊಟ್ಟುಬಿಡಿ ಅಂದದ್ದು. ಐ ವಾಸ್ ಸೋ ಪ್ರೌಡ್ ಆಫ್ ಹಿಮ್. ಮೇಡ್ ರೂಮಿನಲ್ಲಿ ಓದುವಾಗೆಲ್ಲ ಅದನ್ನೇ ನೆನೆಸಿಕೊಳ್ತೇನೆ."

ಹೇಳಬಹುದಿತ್ತು. ಬಾಯಿಯ ತುದಿಯಲ್ಲೇ ಇತ್ತು. ನಾನು ಯಾರಿಗೂ ಸುಮ್ಮನಿದ್ದವಳಲ್ಲ, ಊರಿನಲ್ಲಿ ನನ್ನ ನಾಲಗೆಗೆ ಹೆದರಿ ದಾರಿ ಬದಲಿಸಿದವರಿದ್ದಾರೆ. ಆದರೆ ಈ ಹುಡುಗಿಗೆ ಅಮ್ಮ ಹೋದಳು, ಮನೆ ಹೋಯಿತು, ಕಿಟಕಿ ಹೋಯಿತು. ಉಳಿದದ್ದು ಅಪ್ಪ ಒಬ್ಬ. ಅವನನ್ನೂ ನಾನು ಈಗ ಈ ಫುಟ್‌ಪಾತಿನ ಮೇಲೆ ಕಿತ್ತುಕೊಂಡು ನನ್ನ ಮರ್ಯಾದೆಯೊಂದನ್ನೇ ಹಿಡಿದು ದುಬೈಗೆ ಹೋಗಬೇಕಿತ್ತು.

"ನೀವೇ ಕೇಳಿದ್ದು ಹೌದಾ ಮೌಶಿ?" ಎಂದಳು. ನನ್ನ ಮುಖದಲ್ಲಿ ಏನು ಕಂಡಳೋ, ಸ್ವರದಲ್ಲಿ ಸ್ವಲ್ಪ ಅನುಮಾನವಿತ್ತು.

ಟ್ಯಾಕ್ಸಿ ಬಂದು ನಿಂತಿತು.

"ಹೌದು ಮಗಾ, ನಾನೇ ಕೇಳಿದ್ದು" ಎಂದೆ. ಅವಳಿಗೆ ಅದು ಸಾಲದು ಎನಿಸಿ, ಇನ್ನು ಮೇಲೆ ಕೇಳುವುದಿಲ್ಲ ಎಂದೂ ಹೇಳಿದೆ.